ಕಪ್ಪು-ಬಿಳುಪು ಫಿಲ್ಮ್ ಇನ್ನೆಷ್ಟು ಕಾಲ ಸಿಕ್ಕೀತು?

ಪ್ರಶ್ನೆ: ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಮುಚ್ಚಿದ ಮೇಲೆ 'ಇಂದು' ಫಿಲ್ಮ್ ಇಲ್ಲವಾಯಿತು, ಈಗ ಕೊಳ್ಳುವ ರೋಲುಗಳೆಲ್ಲ ಹೊರದೇಶದವು, ದುಬಾರಿ. ತಂದೆಯವರ ಕ್ಯಾಮೆರಾವನ್ನು ರಿಪೇರಿ ಮಾಡಿಸುವ ಮುನ್ನ ಬಲ್ಲವರನ್ನು ಕೇಳುತ್ತಿದ್ದೇನೆ: ಫಿಲ್ಮ್ ತಯಾರಕರು ಉಳಿಯುತ್ತಾರೆಯೇ?

ಉತ್ತರ 1: ಉಳಿಯುತ್ತಾರೆಂದೇ ನನ್ನ ನಂಬಿಕೆ. ಇಂಗ್ಲೆಂಡಿನ ಫಿಲ್ಮ್ ಕಂಪನಿ ಇಲ್ಫರ್ಡ್ 2004ರಲ್ಲಿ ಸಾಲದಲ್ಲಿ ಮುಳುಗಿದಾಗ ಅದರ ವ್ಯವಸ್ಥಾಪಕರೇ ಕೂಡಿ ಕಾರ್ಖಾನೆಯನ್ನು ಕೊಂಡು, ಹಾರ್ಮನ್ ಟೆಕ್ನಾಲಜಿ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಎಚ್‌ಪಿ5 ಪ್ಲಸ್ ಎಂಬ ಅದರ ಕಪ್ಪು-ಬಿಳುಪು ಫಿಲ್ಮ್ ಇಂದಿಗೂ ಮೊಬರ್ಲಿಯ ಆ ಕಾರ್ಖಾನೆಯಲ್ಲೇ ತಯಾರಾಗುತ್ತಿದೆ. ಜೆಕ್ ದೇಶದ ಫಿಲ್ಮ್ ಕಂಪನಿ ಫೋಮಾ 1921ರಿಂದಲೂ ಇದೆ. ಬಣ್ಣದ ಫಿಲ್ಮಿಗೆ ಹತ್ತಾರು ಪದರಗಳೂ ಬಣ್ಣ ಹುಟ್ಟಿಸುವ ರಾಸಾಯನಿಕಗಳೂ ಬೇಕು. ಕಪ್ಪು-ಬಿಳುಪಿಗೆ ಜಿಲೆಟಿನ್‌ನಲ್ಲಿ ಬೆರೆಸಿದ ಬೆಳ್ಳಿಯ ಲವಣದ ಒಂದೆರಡು ಪದರಗಳು ಸಾಕಾಗುವುದರಿಂದ ಸಣ್ಣ ಕಂಪನಿಗಳೂ ಇದನ್ನು ನಿಭಾಯಿಸಬಲ್ಲವು.

ಉತ್ತರ 2: ಒಪ್ಪುತ್ತೇನೆ, ಆದರೆ ಆತಂಕವೂ ಇದೆ. ದೊಡ್ಡ ಕಂಪನಿಗಳಲ್ಲಿ ಫಿಲ್ಮಿನ ಮೇಲೆ ಈ ಪದರಗಳನ್ನು ಬಳಿಯುವ ಲೇಪನ ಯಂತ್ರಗಳು ಅಪಾರ ಬೇಡಿಕೆಯಿದ್ದ ಕಾಲದವು. ಕಡಿಮೆ ಪ್ರಮಾಣಕ್ಕೆ ಅವನ್ನು ಓಡಿಸಿದರೆ ಖರ್ಚು ಹುಟ್ಟುವುದಿಲ್ಲ. ಕೊಡಕ್ 2012ರಲ್ಲಿ ದಿವಾಳಿ ರಕ್ಷಣೆ ಕೋರಿತು. ಫ್ಯೂಜಿ 2018ರಲ್ಲಿ ತನ್ನ ಕಪ್ಪು-ಬಿಳುಪು ಫಿಲ್ಮ್ ಅಕ್ರೋಸನ್ನು ನಿಲ್ಲಿಸುವುದಾಗಿ ಹೇಳಿತು. ಬಳಕೆದಾರರು ಪಟ್ಟುಬಿಡದೆ ಕೇಳಿದ್ದರಿಂದ 2019ರಲ್ಲಿ ಅಕ್ರೋಸ್ 2 ಬಂತು. ನಾವು ಕೊಳ್ಳುತ್ತಿದ್ದರೆ ಮಾತ್ರ ಅವರು ತಯಾರಿಸುತ್ತಾರೆ.

ಉತ್ತರ 3: ಕ್ಯಾಮೆರಾವನ್ನು ಖಂಡಿತ ರಿಪೇರಿ ಮಾಡಿಸಿರಿ. ಸ್ಟುಡಿಯೋಗಳನ್ನು ನಂಬಿ ಕೂರದೆ ಮನೆಯಲ್ಲೇ ಫಿಲ್ಮ್ ತೊಳೆಯಲು ಕಲಿಯಿರಿ: ಡಿ-76 ಪುಡಿ (ಚಿತ್ರ ಮೂಡಿಸುವ ಡೆವಲಪರ್), ಮೂಡಿದ ಚಿತ್ರವನ್ನು ಉಳಿಸುವ ಫಿಕ್ಸರ್, ಬೆಳಕು ನುಗ್ಗದ ಡಬ್ಬಿ, ಉಷ್ಣಮಾಪಕ ಇದ್ದರಾಯಿತು. ನಮ್ಮ ಬೇಸಿಗೆಯಲ್ಲಿ ನಲ್ಲಿಯ ನೀರೇ 28 ಡಿಗ್ರಿ ಇರುವುದರಿಂದ, ಡೆವಲಪರನ್ನು ಐಸ್ ನೀರಿನ ಪಾತ್ರೆಯಲ್ಲಿಟ್ಟು 20 ಡಿಗ್ರಿಗೆ ಇಳಿಸಿಕೊಳ್ಳಿರಿ.