ಪದ ಬೇಕು: 70 ಒಂದು 'ವಿಯರ್ಡ್ ನಂಬರ್', ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಗಣಿತ ಪ್ರದರ್ಶನಕ್ಕೆ 70ರ ಬಗ್ಗೆ ಒಂದು ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಬೇಕು. 'ವಿಯರ್ಡ್ ನಂಬರ್' ಹತ್ತಿರ ಬಂದು ನಿಂತಿದ್ದೇನೆ.

ವಿಷಯ ಇಷ್ಟು. 70ನ್ನು ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳು 1, 2, 5, 7, 10, 14, 35. ಕೂಡಿದರೆ 74, ಅಂದರೆ 4 ಜಾಸ್ತಿ. ಸಾಮಾನ್ಯವಾಗಿ ಹೀಗೆ ಜಾಸ್ತಿಯಾದಾಗ ಒಂದೆರಡನ್ನು ಕೈಬಿಟ್ಟರೆ ಲೆಕ್ಕ ಸರಿಹೋಗುತ್ತದೆ. 12ನ್ನೇ ನೋಡಿ: 1, 2, 3, 4, 6 ಕೂಡಿದರೆ 16. 4ನ್ನು ಬಿಡಿ, ಸರಿಯಾಗಿ 12. ಆದರೆ 74ರಲ್ಲಿ 4 ಇಳಿಸೋಣವೆಂದರೆ ಕೈಗೆ ಸಿಗುವುದು 1 ಮತ್ತು 2 ಮಾತ್ರ. ಎರಡೂ ಸೇರಿ 3. ಅದರ ಮುಂದಿನದು 5. ಏನು ಮಾಡಿದರೂ ಆಗಲ್ಲ! ಇಂಥವುಗಳಲ್ಲಿ 70 ಎಲ್ಲಕ್ಕಿಂತ ಚಿಕ್ಕದು, ಮುಂದಿನದು 836.

ಸದ್ಯಕ್ಕೆ 'ವಿಚಿತ್ರ ಸಂಖ್ಯೆ' ಅಂತ ಹಾಕಿದ್ದೇನೆ. ಸಪ್ಪೆ ಅನ್ನಿಸ್ತಿದೆ. ಹೀಗೆ ಕೂಡಿದಾಗ ಜಾಸ್ತಿಯಾಗುವ ಅಬಂಡಂಟ್, ಕಡಿಮೆಯಾಗುವ ಡಿಫಿಶಿಯೆಂಟ್ ಸಂಖ್ಯೆಗಳಿಗೂ ಪದ ಬೇಕು.

* * *

'ವಿಷಮ ಸಂಖ್ಯೆ' ಅನ್ನಬಹುದಲ್ವಾ?

* * *

ಬೇಡ. ವಿಷಮ ಅಂದರೆ ಬೆಸ. 70 ಸಮ. ಬೆಸ ಸಂಖ್ಯೆಗಳಲ್ಲಿ ಇಂಥದ್ದು ಒಂದಾದರೂ ಇದೆಯೋ ಇಲ್ಲವೋ ಅನ್ನೋದೇ ಇನ್ನೂ ಯಾರೂ ಬಿಡಿಸದ ಪ್ರಶ್ನೆ. ಆಮೇಲೆ 'ಬೆಸ ವಿಷಮ ಸಂಖ್ಯೆ ಇದೆಯೇ' ಅಂತ ಬರೆಯಬೇಕಾಗುತ್ತದೆ.

ಉಳಿದೆರಡಕ್ಕೆ ಬಜೆಟ್ ಸುದ್ದಿಯಲ್ಲೇ ಪದ ಇದೆ: ಕೊರತೆ, ಮಿಗತೆ. 8 ಕೊರತೆ ಸಂಖ್ಯೆ (1, 2, 4 ಸೇರಿ 7), 12 ಮಿಗತೆ ಸಂಖ್ಯೆ. ನಡುವೆ 6ರಂಥ ಪರಿಪೂರ್ಣ ಸಂಖ್ಯೆ (1, 2, 3 ಸೇರಿ ಸರಿಯಾಗಿ 6).

* * *

'ವಿಚಿತ್ರ'ವೂ ಬೇಡ, 'ಸಂಕ್ಯೆ'ಯೂ ಬೇಡ. 'ಹೊಂದದೆಣಿ' ಅನ್ನಿ. ಏನು ಕೂಡಿದರೂ ಹೊಂದುವುದಿಲ್ಲ, ಅದಕ್ಕೇ.

ಎಪ್ಪತ್ತು ಅನ್ನುವ ಪದವನ್ನೇ ನೋಡಿ. ಏೞು, ಪತ್ತು ಸೇರಿ ಆದದ್ದು. ಪತ್ತು ಒಂಟಿಯಾಗಿ ನಿಂತಲ್ಲಿ ಹತ್ತಾಯಿತು. ಇಪ್ಪತ್ತು, ಎಪ್ಪತ್ತುಗಳ ಒಳಗೆ ಹಳೆಯ 'ಪ' ಇನ್ನೂ ಕೂತಿದೆ. ಅರವತ್ತರಲ್ಲಿ ಅದೇ 'ವ' ಆಗಿದೆ. ಇಶ್ಟು ಗಟ್ಟಿ ಎಣಿಕೆ ಇರುವ ನುಡಿಗೆ ಸಾಲ ಯಾಕೆ?

* * *

ಮತ್ತೆ ಶುರುವಾಯ್ತು. ಎಪ್ಪತ್ತರ ಜಾತಕ ಕೇಳಿದವರು ಯಾರು? ಸಾಲ ಬೇಡವೆಂದರೆ ಮೊದಲು ಸಾವಿರ ಬಿಡಿ, ಅದು ಸಹಸ್ರದಿಂದ ಬಂದದ್ದು. ಸೊನ್ನೆಯನ್ನೂ ಬಿಡಿ, ಅದು ಶೂನ್ಯ. ಈಗ 70 ಬರೆದು ತೋರಿಸಿ.

* * *

ಸಾವಿರ, ಸೊನ್ನೆ ನಾಲಿಗೆಗೆ ಒಗ್ಗಿ ನಮ್ಮವಾಗಿವೆ. 'ಸಂಕ್ಯೆ' ಒಗ್ಗಿದೆಯೇ?

* * *

ಅಂಗಡಿಯಲ್ಲಿ 'ಫೋನ್ ಸಂಖ್ಯೆ ಕೊಡಿ' ಅನ್ನಲ್ಲ, 'ನಂಬರ್ ಕೊಡಿ' ಅಂತೇವೆ, ಅದು ನಿಜ. ಹಾಗಂತ ಒಂದನೇ ತರಗತಿಯಿಂದ ಓದಿದ ಪದ ಪರಕೀಯವಾಗುತ್ತಾ? 'ಹೊಂದದೆಣಿ' ಓದಿದ ಮಗು ಏಣಿ ಹುಡುಕುತ್ತದೆ.

* * *

ಮೂಲ ಪ್ರಶ್ನೆಗೆ ಬರೋಣ. ಗಣಿತಜ್ಞ ಬೆಂಕೋಸ್ಕಿ 1972ರಲ್ಲಿ ಈ ಹೆಸರಿಟ್ಟಾಗ ಭಾರದ ಪದ ಹುಡುಕಲಿಲ್ಲ, ಆಡುಮಾತಿನ ತುಂಟ ಪದವನ್ನೇ ಎತ್ತಿಕೊಂಡರು. 'ವಿಲಕ್ಷಣ', 'ವಿಚಿತ್ರ' ಅಂದರೆ ಆ ತುಂಟತನ ಹೋಗುತ್ತದೆ. 'ತಿಕ್ಕಲು ಸಂಖ್ಯೆ' ಅನ್ನಿ. ಕೈತುಂಬ ಇದ್ದರೂ ಲೆಕ್ಕಕ್ಕೆ ಬಗ್ಗದ್ದು ತಿಕ್ಕಲಲ್ಲದೆ ಇನ್ನೇನು?

* * *

ಎಲ್ಲರಿಗೂ ಥ್ಯಾಂಕ್ಸ್. ದೊಡ್ಡಕ್ಷರದಲ್ಲಿ 'ತಿಕ್ಕಲು ಸಂಖ್ಯೆ', ಕೆಳಗೆ ಕೊರತೆ, ಮಿಗತೆ, ಪರಿಪೂರ್ಣ. ಸ್ವಲ್ಪ ಜಾಗ ಉಳಿದಿತ್ತು. 1ರಿಂದ 24ರವರೆಗಿನ ವರ್ಗಗಳನ್ನು ಕೂಡಿದರೆ 4900, ಅಂದರೆ 70ರ ವರ್ಗ, ಅಂತಲೂ ಸೇರಿಸಿದೆ. 'ವರ್ಗ'ದ ಬಗ್ಗೆ ದಯವಿಟ್ಟು ನಾಳೆ ಬೆಳಗ್ಗೆವರೆಗೆ ಯಾರೂ ಬರೆಯಬೇಡಿ.