ಕೃಷ್ಣಾ ದಂಡೆಯಲ್ಲಿ ಅಪ್ಪ-ಅವ್ವ ಇದ್ದಾರೆ, ಹೊಳೆ ಏರುವ ಸುದ್ದಿ ಬೇಗ ತಿಳಿಯುವುದು ಹೇಗೆ?

ಹೊಳೆಸಾಲಿನ ಮಗಳು:
ನಮ್ಮೂರು ಚಿಕ್ಕೋಡಿ ತಾಲ್ಲೂಕಿನ ಕೃಷ್ಣಾ ದಂಡೆ. ನಾನಿರುವುದು ಬೆಂಗಳೂರಲ್ಲಿ. ತೋಟದ ಮನೆಯಲ್ಲಿ ಅಪ್ಪ, ಅವ್ವ, ಮೂರು ಎಮ್ಮೆ. 2019ರ ಆಗಸ್ಟ್‌ನಲ್ಲಿ ಊರೊಳಗೆ ಡಂಗುರ ಸಾರಿದ್ದು ತೋಟಕ್ಕೆ ಕೇಳಿಸಲೇ ಇಲ್ಲ. ನಸುಕಿನಲ್ಲಿ ಅವ್ವ ಹಾಲು ಹಿಂಡಲು ಎದ್ದರೆ ಕೊಟ್ಟಿಗೆಯಲ್ಲಿ ಪಾದ ಮುಳುಗುವಷ್ಟು ನೀರು. ಹಗ್ಗದ ಗಂಟು ನೆನೆದು ಬಿಗಿದಿತ್ತು. ಕುಡುಗೋಲಿನಿಂದ ಕೊಯ್ದು ಎಮ್ಮೆಗಳನ್ನು ಹೊರಗೆ ತಂದರು. ಅಂದಿನಿಂದ ಮಳೆಗಾಲ ಬಂದರೆ ನನಗೆ ನಿದ್ದೆಯಿಲ್ಲ. ಅಪ್ಪನದ್ದು ಬಟನ್ ಫೋನು. ಇಲ್ಲಿ ಕುಳಿತು ನಾನು ಏನನ್ನು ನೋಡುತ್ತಿರಬೇಕು?

ದಂಡೆಯ ರೈತ:
ಅಕ್ಕಾರೆ, ನಮ್ಮೂರ ಮಳೆ ನೋಡಿ ಹೊಳೆ ಅಳೆಯಬೇಡಿ. ಇಲ್ಲಿ ಬಿಸಿಲು ಬಿದ್ದಿರುತ್ತದೆ. ಮಹಾರಾಷ್ಟ್ರದ ಮಹಾಬಳೇಶ್ವರ, ಕೊಯ್ನಾ ಕಡೆ ಸುರಿದ ನೀರು ನಮ್ಮ ಕಬ್ಬಿಗೆ ನುಗ್ಗಿರುತ್ತದೆ. ನಾನು ದಿನಾ ಬೆಳಿಗ್ಗೆ ನೋಡುವುದು ಮೂರು ಅಂಕಿ. ಕೊಯ್ನಾ ಡ್ಯಾಮಿನಿಂದ ಬಿಟ್ಟಿದ್ದೆಷ್ಟು, ಕೃಷ್ಣೆಯ ರಾಜಾಪುರ ಬ್ಯಾರೇಜಿನಿಂದ ಬರುತ್ತಿರುವುದೆಷ್ಟು, ಉಪನದಿ ದೂಧಗಂಗಾದಲ್ಲಿ ಬರುತ್ತಿರುವುದೆಷ್ಟು. ಕೊನೆಯ ಎರಡನ್ನು ಕೂಡಿಸಿದರೆ ಕಲ್ಲೋಳದ ಹತ್ತಿರ ಹರಿಯುವ ನೀರಿನ ಲೆಕ್ಕ ಸಿಗುತ್ತದೆ. ಮಳೆಗಾಲದಲ್ಲಿ ಈ ಕ್ಯೂಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ ನೀರು) ಲೆಕ್ಕ ಪತ್ರಿಕೆಗಳಲ್ಲೂ ಬರುತ್ತದೆ. ನಿನ್ನೆಗಿಂತ ಇವತ್ತು ಎಷ್ಟು ಏರಿತು ಅನ್ನುವುದನ್ನು ತಪ್ಪದೇ ನೋಡಿ.

ಇನ್ನೊಂದು ಗುರುತು ಸೇತುವೆ. ಕಲ್ಲೋಳ-ಯಡೂರು, ಮಲಿಕವಾಡ-ದತ್ತವಾಡ, ಇವೆಲ್ಲ ತಗ್ಗಿನ ಸೇತುವೆಗಳು. ಹೊಳೆ ಏರಿದರೆ ಮೊದಲು ಮುಳುಗುವುದು ಇವೇ. ಇವು ಮುಳುಗಿದವು ಅಂತ ಸುದ್ದಿ ಬಂದ ದಿನವೇ ನಾನು ದಂಡೆಯ ಮೋಟಾರು ಎತ್ತಿಬಿಡುತ್ತೇನೆ. ಮನೆ ಹತ್ತಿರ ನೀರು ಬಂದರೆ ಅದರ ಅಂಚಿಗೆ ಒಂದು ಜೋಳದ ದಂಟು ನೆಡುತ್ತೇನೆ. ತಾಸು ಬಿಟ್ಟು ಬ್ಯಾಟರಿ ಹಾಕಿ ನೋಡಿದರೆ ನೀರು ಎಷ್ಟು ಮುಂದೆ ಬಂತು ಅಂತ ಗೊತ್ತಾಗುತ್ತದೆ. ಅಪ್ಪನಿಗೂ ಹೇಳಿ. ದಂಟು ಮುಳುಗಿದರೆ ಬೆಳಗಾಗಲಿ ಅಂತ ಕಾಯಬಾರದು.

ನೀಲಿಛತ್ರಿ:
ನಿಮ್ಮ ಫೋನಿಗೆ ಕೇಂದ್ರ ಜಲ ಆಯೋಗದ ಫ್ಲಡ್‌ವಾಚ್ ಇಂಡಿಯಾ ಆ್ಯಪ್ ಹಾಕಿಕೊಳ್ಳಿ. ನದಿಯ ಮಟ್ಟ ಎಲ್ಲಿದೆ, ಅಪಾಯದ ಮಟ್ಟಕ್ಕೆ ಎಷ್ಟು ಬಾಕಿ ಅಂತ ತೋರಿಸುತ್ತದೆ. ನಿಮ್ಮ ಕಡೆಗೆ ಕುರುಂದವಾಡ ಮತ್ತು ಸದಲಗಾದ ನೀರಿನ ಮಟ್ಟ ಅಳೆಯುವ ಕೇಂದ್ರಗಳನ್ನು ನೋಡಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ (ಎನ್‌ಡಿಎಂಎ) ಸಚೇತ್ ಆ್ಯಪ್ ಕೂಡ ಇರಲಿ, ಅದರಲ್ಲಿ ಬೆಳಗಾವಿ ಜಿಲ್ಲೆಯ ಎಚ್ಚರಿಕೆಗಳನ್ನು ನೋಡಬಹುದು.

ಇದು ಬಹಳ ಜನರಿಗೆ ಗೊತ್ತಿಲ್ಲ: ಬೆಂಗಳೂರಿನಿಂದ ಸುಮ್ನೆ 1077 ಒತ್ತಿದರೆ ಬೆಳಗಾವಿಯ ಕಂಟ್ರೋಲ್ ರೂಮ್ ಸಿಗುವುದಿಲ್ಲ. ಮುಂದೆ 0831 ಸೇರಿಸಬೇಕು. ಮಳೆ ಶುರುವಾಗುವ ಮೊದಲೇ ಒಮ್ಮೆ ಮಾಡಿ ನೋಡಿ. ವಾಟ್ಸಾಪಿನಲ್ಲಿ ಬರುವ ಡ್ಯಾಂ ವಿಡಿಯೋಗಳನ್ನು ಮಾತ್ರ ನಂಬಬೇಡಿ. ಎಷ್ಟೋ ಸಲ ಅವು ಹಳೆಯವೇ.

ಜಮಖಂಡಿಯವಳು:
ನಾವು ಕೆಳಗಿನವರು, ಹಿಪ್ಪರಗಿ ಬ್ಯಾರೇಜಿನ ಅಂಕಿಯನ್ನೂ ಆಲಮಟ್ಟಿಯ ಒಳಹರಿವು, ಹೊರಹರಿವನ್ನೂ ನೋಡುತ್ತೇವೆ. ಆದರೆ ತಂಗಿ, ನಿಮ್ಮ ಮನೆಯ ಕಷ್ಟ ಅಂಕಿಯದ್ದಲ್ಲ ಅನಿಸುತ್ತದೆ. ಎಮ್ಮೆ ಬಿಟ್ಟು ಅಪ್ಪ ಹೊರಡುತ್ತಾರಾ? ನಮ್ಮ ಮಾವನವರೂ ಹೊರಟಿರಲಿಲ್ಲ. ಆಮೇಲೆ ದನಗಳನ್ನೇ ಎರಡು ದಿನ ಮೊದಲು ಎತ್ತರದ ನೆಂಟರ ಮನೆಗೆ ಕಳಿಸಲು ಶುರು ಮಾಡಿದೆವು. ಹಗ್ಗ ಬಿಚ್ಚಿದ ಮೇಲೆ ಅವರೇ ಹಿಂದೆ ನಡೆದರು. ತಲಾಠಿಯವರ (ಊರಿನ ಕಂದಾಯ ಅಧಿಕಾರಿಯ) ನಂಬರು, ಊರೊಳಗೆ ಮನೆಯಿರುವ ಒಬ್ಬರ ನಂಬರು ನಿಮ್ಮ ಹತ್ತಿರ ಇರಲಿ. ಡಂಗುರ ಕೇಳಿದವರು ನಿಮಗೆ ಫೋನ್ ಮಾಡಲಿ, ನೀವು ಅಪ್ಪನಿಗೆ ಮಾಡಿ.

ಹೊಳೆಸಾಲಿನ ಮಗಳು:
ಎಲ್ಲರಿಗೂ ಕೈಮುಗಿಯುತ್ತೇನೆ. 0831 ಸೇರಿಸಿ ಈಗಲೇ ಮಾಡಿದೆ, ಫೋನ್ ಎತ್ತಿದರು. ಊರೊಳಗಿನ ಕಾಕಾನ ಹತ್ತಿರವೂ ಮಾತಾಡಿದೆ. ಡಂಗುರ ಸಾರಿದ ಕೂಡಲೇ ಫೋನ್ ಮಾಡುತ್ತಾನಂತೆ, ರಾತ್ರಿ ಎಷ್ಟೇ ಹೊತ್ತಾಗಿರಲಿ. ಯಡೂರು ಸೇತುವೆ ಮುಳುಗಿದ ದಿನ ಎಮ್ಮೆಗಳು ಚಿಕ್ಕೋಡಿಯ ಅಕ್ಕನ ಮನೆಗೆ ಹೋಗುವುದು ಅಂತ ಅಪ್ಪ ಒಪ್ಪಿದ್ದಾರೆ. ಎರಡು ಮಾತ್ರ. ಕರು ಹಾಕಲಿರುವುದನ್ನು ಕಳಿಸಲ್ಲ ಅನ್ನುತ್ತಿದ್ದಾರೆ. ಭಾನುವಾರ ಊರಿಗೆ ಹೋಗಿ ಕೂತು ಮಾತಾಡುತ್ತೇನೆ.