ಮುಂದೆ ಓದಿ ಮುಗಿಸಿದವರು ಸುಳಿವು ಬಿಟ್ಟುಕೊಟ್ಟರೆ?

ಪ್ರಶ್ನೆ: ನಾವು ಆರು ಜನ ಸೇರಿ ಪತ್ತೇದಾರಿ ಕಾದಂಬರಿ ಓದುತ್ತಿದ್ದೇವೆ. ವಾರಕ್ಕೆ ಐದು ಅಧ್ಯಾಯ. ಒಬ್ಬರು ಮಾತ್ರ ಪೂರ್ತಿ ಮುಗಿಸಿ, "ಆ ನಿಂತುಹೋದ ಗಡಿಯಾರ ನೆನಪಿರಲಿ" ಅಂದುಬಿಟ್ಟರು. ತುಂಬಾ ಬೇಜಾರಾಯಿತು. ಏನು ಮಾಡೋದು?

ಉತ್ತರ: ನಮ್ಮಲ್ಲೂ ಹೀಗೇ ಆಗಿತ್ತು. ಈಗ ಪ್ರತಿ ವಾರ ಎಲ್ಲರೂ ತಮ್ಮ ಅನುಮಾನ ಚೀಟಿಯಲ್ಲಿ ಬರೆದು, ಮಡಚಿ ಡಬ್ಬಿಗೆ ಹಾಕುತ್ತೇವೆ. ತೆರೆಯೋದು ಕೊನೆಯ ದಿನವೇ. ಮನಸ್ಸು ಬದಲಾದರೂ ಹಳೇ ಚೀಟಿ ತೆಗೆಯುವಂತಿಲ್ಲ.

ಇನ್ನೊಂದು ಉತ್ತರ: 1929ರಲ್ಲಿ ಇಂಗ್ಲೆಂಡಿನ ಲೇಖಕ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕತೆಗೆ ಹತ್ತು ನಿಯಮ ಬರೆದರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು ಅನ್ನೋದು ಅದರಲ್ಲೊಂದು. ಗಡಿಯಾರ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ ಅಲ್ವಾ? ಹಿಂದಿನ ಪುಟ ತಿರುಗಿಸಿ ನೋಡಿ.

ಪ್ರಶ್ನೆ ಕೇಳಿದವರು: ನೋಡಿದೆ. ಎರಡನೇ ಅಧ್ಯಾಯದಲ್ಲೇ ಇದೆ, ಒಂದೇ ಸಾಲು! ಡಬ್ಬಿ ಈ ವಾರದಿಂದಲೇ ಶುರು.